ಎಡ ರೆಕ್ಕೆಗೆ ಹಚ್ಚದ ಬಣ್ಣ

೧೯೯೪ರಲ್ಲಿ ನಾನು ಶಾಲೆ ಬಿಟ್ಟೆ. ಏಳನೆಯ ತರಗತಿ ಅರ್ಧಕ್ಕೇ ನಿಂತಿತು. ಆವತ್ತಿನಿಂದ ಕಿನ್ನಾಳದ ನಮ್ಮ ಪಡಸಾಲೆಯಲ್ಲಿ ಕೂತು ಮರದ ಗೊಂಬೆ ಮಾಡುತ್ತ ಬಂದಿದ್ದೇನೆ. ನನ್ನ ಕೆಲಸದಲ್ಲಿ ಒಬ್ಬರೂ ತಪ್ಪು ತೆಗೆದಿಲ್ಲ ಎಂದು ಎದೆಯುಬ್ಬಿಸಿ ಹೇಳಿಕೊಂಡು ತಿರುಗಿದವನು. ಹಾಗೆ ಹೇಳಿಕೊಳ್ಳುವವನಿಗೆ ಅಂಜಿಕೆಯೂ ಜಾಸ್ತಿ ಎಂದು ಮೊನ್ನೆ ಗೊತ್ತಾಯಿತು.

ಮಗಳು ಕೊಪ್ಪಳದಲ್ಲಿ ಎಂ.ಎ. ಓದುತ್ತಾಳೆ. ಮಂತ್ರಗಾರರು, ಹಾರುವ ಕೋಟೆಗಳು ಇರುವ ಒಂದು ಮಾಯಾಲೋಕದ ಕಥೆ ಐದು ಸಂಪುಟಗಳಾಗಿ ಬಂದಿದೆ; ಅವಳಿಗೆ ಅದರ ಹುಚ್ಚು. ಅದರಲ್ಲಿ ಒಂದು ಸಣ್ಣ ಪದ್ಧತಿ ಬರುತ್ತದೆ. ಕೂಸು ಹುಟ್ಟಿದ ಮನೆಗೆ ಮರದ ಗಿಣಿ ಕೊಡಬೇಕು, ಅದರ ಎಡ ರೆಕ್ಕೆಯ ಕೆಳಗೆ ಬಣ್ಣ ಹಚ್ಚಬಾರದು. ಹಚ್ಚಿದರೆ ಗಿಣಿ ಹಾರಿಹೋಗುತ್ತದೆ.

"ಅಪ್ಪಾ, ಈ ಪದ್ಧತಿ ಎಲ್ಲಿಂದ ಬಂತು ಅಂತ ಹುಡುಕಾಕ ಹತ್ತೀನಿ. ಸೋಮವಾರ ಕಾಲೇಜಿನಾಗ ಎಲ್ಲಾರ ಮುಂದ ಓದಬೇಕು," ಎಂದಳು. "ಲೇಖಕಿ ಮುನ್ನುಡಿಯಾಗ ಬರ್ದಾರ ನೋಡು, ಕಿನ್ನಾಳದ ಕಲಾವಿದರೊಬ್ರು ಮೇಳದಾಗ ಹೇಳಿದ್ರಂತ. ನಮ್ಮೂರಪ್ಪಾ!"

ನನ್ನ ಕೈಯ ಕುಂಚ ನಿಂತಿತು. "ಹಿರ್ಯಾರನ್ನ ಕೇಳು," ಎಂದು ಜಾರಿಕೊಂಡೆ. ಆ ಕಲಾವಿದ ನಾನೇ.

ಆ ಪುಸ್ತಕ ಬರುವ ಮೊದಲು ಹುಬ್ಬಳ್ಳಿಯಲ್ಲೊಂದು ಮೇಳ. ಹಿಂದಿನ ದಿನದ ಅವಸರದಲ್ಲಿ ಒಂದು ಗಿಣಿಯ ರೆಕ್ಕೆಯಡಿ ಹಸಿರು ಹಚ್ಚುವುದನ್ನೇ ಮರೆತಿದ್ದೆ. ಕನ್ನಡಕದ ಹೆಣ್ಣುಮಗಳೊಬ್ಬರು ಅದನ್ನು ತಿರುವಿ ನೋಡಿ, "ಇಲ್ಲಿ ಬಣ್ಣ ಬಿಟ್ಟುಹೋಗಿದೆಯಲ್ಲ?" ಎಂದರು. ಪಕ್ಕದ ಅಂಗಡಿಯವನು ಕಿಸಕ್ಕನೆ ನಕ್ಕ. ಮರೆತೆ ಎನ್ನಲು ನನಗೆ ಬಾಯಿ ಬರಲಿಲ್ಲ. "ಬಿಟ್ಟಿಲ್ರೀ ಅಕ್ಕಾರ, ಅದು ನಮ್ಮ ಹಿರ್ಯಾರ ಪದ್ಧತಿ. ಪೂರಾ ಹಚ್ಚಿದ್ರ ಗಿಣಿ ಹಾರಿಹೋಗ್ತೈತಿ," ಎಂದೆ. ಅವರು ಬರೆದುಕೊಂಡರು.

ಸೋಮವಾರ ನಮ್ಮೂರಿನ ಯಾರಾದರೂ ಎದ್ದು, ಇಂಥ ಪದ್ಧತಿ ಇಲ್ಲವೇ ಇಲ್ಲ ಎಂದರೆ? ಎಲ್ಲರ ಮುಂದೆ ತಲೆ ತಗ್ಗಿಸಿ ನಿಲ್ಲುವವಳು ನನ್ನ ಮಗಳು. ನಿಜ ಹೇಳೋಣವೆಂದರೆ ಅವಳ ಕಣ್ಣಲ್ಲಿ ನಾನು ಏನಾಗಿ ಉಳಿದೇನು? ಎರಡು ದಿನ ಒಂದು ಗೊಂಬೆಯನ್ನೂ ಮುಗಿಸಲಿಲ್ಲ.

ಭಾನುವಾರ ಅವಳು ನನ್ನನ್ನೂ ಕರೆದುಕೊಂಡು ನಮ್ಮ ದೊಡ್ಡಪ್ಪನ ಮನೆಗೆ ಹೋದಳು. ನಮ್ಮ ಓಣಿಯ ಗೊಂಬೆಗಾರರಲ್ಲಿ ಅವನೇ ಹಿರಿಯ. ಮೊಬೈಲಿನಲ್ಲಿ ರೆಕಾರ್ಡಿಂಗ್ ಹಚ್ಚಿ ಕೇಳಿದಳು, "ಮುತ್ಯಾ, ಗಿಣೀ ಎಡ ರೆಕ್ಕಿ ಕೆಳಗ ಬಣ್ಣ ಹಚ್ಚಬಾರ್ದಂತ ಪದ್ಧತಿ ಐತೇನು?"

ನಾನು ಅವನ ತುಟಿಯನ್ನೇ ನೋಡುತ್ತ ಕೂತೆ.

"ಐತಿ ತಂಗಿ. ನಮ್ಮಪ್ಪನೂ ಹಂಗ ಬಿಡ್ತಿದ್ದ. ಈಗೀಗ ಒಬ್ರಿಬ್ರು ಮತ್ತ ಬಿಡಾಕ ಹತ್ಯಾರ. ಪುಸ್ತಕ ಓದಿದ ಮಂದಿ ಅಂಥಾದ್ದ ಬೇಕಂತ ಕೇಳಿ ಒಯ್ತಾರ."

ಇಲ್ಲ ಎಂದಿದ್ದರೆ ನಾನೊಬ್ಬ ಸಿಕ್ಕಿಬೀಳುತ್ತಿದ್ದೆ. ಇದು ಅದಕ್ಕಿಂತ ಕೆಟ್ಟದಾಯಿತು. ಬೆರಳಗಲ ಜಾಗವನ್ನೂ ಬಣ್ಣವಿಲ್ಲದೆ ಬಿಡದಿದ್ದ ನನ್ನ ಅಜ್ಜನ ತಲೆಗೆ ನನ್ನ ಸುಳ್ಳು ಅಂಟಿತು. ಇನ್ನು ಮಗಳು ಅದನ್ನು ತನ್ನ ಹೆಸರು ಹಾಕಿ ಓದುತ್ತಾಳೆ.

ಹೊರಗೆ ಓಣಿಗೆ ಬಂದ ಮೇಲೆ ಹೇಳಿಬಿಟ್ಟೆ. "ಯವ್ವಾ, ಅದನ್ನ ಅಳಿಸು. ಅದು ಸುಳ್ಳು, ಹುಟ್ಟಿಸಿದಾಂವ ನಾನು. ಬಣ್ಣ ಹಚ್ಚೋದು ಮರ್ತಿದ್ದೆ, ಅಷ್ಟ."

ಅವಳು ನಿಂತುಬಿಟ್ಟಳು. "ಮರ್ತಿದ್ದಿ? ನೀನು?"

"ಹೂಂ."

"ಒಂದು ಇಡೀ ಲೋಕ ನಿನ್ನ ಮರವಿಗೆ ಕೈ ಮುಗ್ಯಾಕ ಹತ್ತೈತಲ್ಲಪ್ಪಾ!" ನಕ್ಕಳೋ ಅತ್ತಳೋ ತಿಳಿಯಲಿಲ್ಲ. ತಟ್ಟನೆ ತಿರುಗಿ, ಮುತ್ಯಾನನ್ನೇ ಕೇಳಲು ಮತ್ತೆ ಒಳಗೆ ಹೋದಳು. ಒಳಗಿನಿಂದಲೇ ನನಗೆ ಬೈದ ದೊಡ್ಡಪ್ಪನ ದನಿ ಓಣಿಗೆಲ್ಲ ಕೇಳಿಸಿತು. "ನಿನ್ನ ಮಾನ ಉಳಸಾಕ ಹೇಳಿದ್ನಲ್ಲೋ! ಮೊಮ್ಮಗಳ ಮುಂದ ನನ್ನ ಸುಳ್ಳಬುರಕನ್ನ ಮಾಡಿದಿ!" ಸುಳ್ಳು ನನ್ನದೆಂದು ಅವನಿಗೆ ಮೊದಲೇ ಗೊತ್ತಿತ್ತು.

ಸೋಮವಾರ ಅವಳು ಇದ್ದದ್ದನ್ನು ಇದ್ದ ಹಾಗೆ ಓದಿದಳು. ನಾನು ಹೋಗಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಬಂದವಳನ್ನು, "ಏನಂದ್ರು?" ಎಂದು ಕೇಳಿದೆ.

"ಮಂದಿ ನಕ್ರು. ಆಮ್ಯಾಲ ಸುಮ್ಮನಾದ್ರು. ನೀ ಉಂಡಿಯೇನು?" ಎಂದಳು.

ಈಗ ನನ್ನ ಹತ್ತಿರ ಆರು ಉಳಿ, ಒಂಬತ್ತು ಕುಂಚ ಇವೆ. ಮಾತು ಬಿಟ್ಟ ದೊಡ್ಡಪ್ಪ ಒಬ್ಬ. ಮಾತು ಬಿಡದ ಮಗಳು ಒಬ್ಬಳು.