ಮೂರನೇ ಗೇರ್ ಬಿತ್ತು!

ಕೇಳಿ ಇಲ್ಲಿ, ನಮ್ಮ ಮುದಿ ಕಾರಿಗೆ ಇವತ್ತು ಮೂರನೇ ಗೇರ್ ಬಿತ್ತು!

ಆಟೋಮ್ಯಾಟಿಕ್ ಕಾರು, ಗೇರ್ ತಾನಾಗಿಯೇ ಬದಲಾಗಬೇಕು. ಆದರೆ ಯುಗಾದಿಯಿಂದ ಎರಡನೇ ಗೇರಿನಲ್ಲೇ ಸಿಕ್ಕಿಕೊಂಡು ಅರಚುತ್ತಿತ್ತು, ನಲವತ್ತು ದಾಟುತ್ತಿರಲಿಲ್ಲ. ಗೇರ್ ಆಯಿಲ್ ಬದಲಿಸಿದರೂ ಜಗ್ಗಲಿಲ್ಲ. "ಗೇರ್‌ಬಾಕ್ಸೇ ಹೋಗಿದೆ, ಗುಜರಿಗೆ ಹಾಕ್ಬುಡಿ" ಎಂದರು ಎಲ್ಲರೂ. ನಾಳೆ ಗುಜರಿಯವರು ಬರಬೇಕಿತ್ತು. ಅಪ್ಪ ಎರಡು ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲ.

ಬೆಳಿಗ್ಗೆ ಕೊನೆಯ ಸಲವೆಂದು ಬಾನೆಟ್ ಎತ್ತಿ ಟಾರ್ಚ್ ಬಿಟ್ಟು ನೋಡಿದೆ. ಗೇರ್‌ಬಾಕ್ಸಿಗೆ ಹೋಗುವ ವೈರನ್ನು ಇಲಿ ಕಡಿದಿತ್ತು! ಸೇರಿಸಿ ಟೇಪ್ ಸುತ್ತಿದೆ. ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ರಾಮಕೃಷ್ಣನಗರದಿಂದ ರಿಂಗ್ ರೋಡಿಗೆ ಹೊರಟೆ. ಕಾರು ಒಮ್ಮೆ ಸಣ್ಣಗೆ ಜರ್ಕ್ ಹೊಡೆದು, ಅರಚಾಟ ನಿಲ್ಲಿಸಿ, ಜುಮ್ಮೆಂದು ಓಡಿತು.

"ಬಿತ್ತು ಕಣಮ್ಮ, ಬಿತ್ತು! ಇನ್ನೂ ಒತ್ತು!" ಎಂದು ಅಪ್ಪ ಕೂಗಿದರು. ಒತ್ತಿದೆ.

ಮೇಟಗಳ್ಳಿ ಹತ್ತಿರ ಟ್ರಾಫಿಕ್ ಪೊಲೀಸರೊಬ್ಬರು ಕೈ ಅಡ್ಡ ಹಿಡಿದರು. "ಎಷ್ಟು ಸ್ಪೀಡಲ್ಲಿ ಬಂದ್ರಿ ಗೊತ್ತೇನ್ರೀ?"

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಆಸೆಯಿಂದ ಕೇಳಿದರು, "ಎಷ್ಟು ಸಾರ್?"

"ತೊಂಬತ್ತೆರಡು!"

ಅಪ್ಪ ಕೆಳಗಿಳಿದು ಹೋಗಿ ಅವರ ಕೈ ಕುಲುಕಿದರು.

ದಂಡದ ರಸೀದಿ ಈಗ ನಮ್ಮ ದೇವರ ಮನೆಯಲ್ಲಿದೆ, ಕುಂಕುಮ ಹಚ್ಚಿಸಿಕೊಂಡು.