ಹಂದರಕ್ಕೆ ಹೋದ ಬಲೆ

ಮದುವೆ ಮನೆಯವರು ಏನು ಕೇಳಿದರೂ ಇಲ್ಲ ಎನ್ನಬಾರದು ಎಂಬುದು ನಮ್ಮ ಕಡೆಯ ರೀತಿ. ಪರಾತ ಕೇಳಿದರೆ ಪರಾತ, ಜಮಖಾನೆ ಕೇಳಿದರೆ ಜಮಖಾನೆ, ಎತ್ತಿ ಕೊಡಬೇಕು. ಈ ರೀತಿ ಮಾಡಿದವರು ಯಾರೋ, ಅವರಿಗೆ ದಾಳಿಂಬೆ ತೋಟವಂತೂ ಇರಲಿಲ್ಲ.

ನಮ್ಮ ತೋಟ ಸವದತ್ತಿ ತಾಲ್ಲೂಕಿನಲ್ಲಿ, ನವಿಲುತೀರ್ಥದಿಂದ ಬರುವ ಕಾಲುವೆಯ ದಂಡೆಗಿದೆ. ಹಣ್ಣು ಕೆಂಪಗಾಗುವುದಕ್ಕೂ ಆಲಿಕಲ್ಲು ಬೀಳುವುದಕ್ಕೂ ಅಲ್ಲಿ ಸರಿಹೋಗುತ್ತದೆ. ಅತ್ತೆ ಇದ್ದಾಗ ಮೋಡ ಕಪ್ಪಾದರೆ, ಕಲ್ಲು ಬೀಳದಿರಲಿ ಎಂದು ಅಂಗಳಕ್ಕೆ ಕುಡಗೋಲು ಎಸೆಯುತ್ತಿದ್ದರು. ನಾನು ಹಳೆಯ ಸೀರೆಗಳನ್ನು ಗಿಡಗಳಿಗೆ ಹೊದಿಸಿ ನೋಡಿದೆ. ಗಾಳಿಗೆ ಸೀರೆಗಳು ಕಾಲುವೆ ಸೇರಿದವು, ಕಲ್ಲು ಹಣ್ಣಿಗೇ ಬಿದ್ದವು. ಒಂದು ಏಟು ಬಿದ್ದರೂ ಸಾಕು, ಸಿಪ್ಪೆ ಕಪ್ಪಾಗಿ ಹಣ್ಣು ಒಳಗೇ ಕೊಳೆಯುತ್ತದೆ. ಕೊನೆಗೆ ಬಿಳಿ ಬಲೆ ತಂದೆವು. ನಡುವೆ ಎತ್ತರ ಮಾಡಿ, ಎರಡೂ ಬದಿಗೆ ಇಳಿಜಾರು ಕೊಟ್ಟು ತಂತಿಯ ಮೇಲೆ ಕಟ್ಟಿದರೆ ಕಲ್ಲು ಜಾರಿ ಸಾಲುಗಳ ನಡುವೆ ಬೀಳುತ್ತದೆ. ನಮ್ಮವರು ಆ ಕೆಲಸದಲ್ಲಿ ಪಳಗಿದರು. ಎರಡು ಬೇಸಿಗೆ ನೆಮ್ಮದಿಯಾಗಿದ್ದೆವು.

ಮುಂದಿನ ಬೇಸಿಗೆಗೆ ನಮ್ಮವರ ಅಣ್ಣನ ಮಗಳ ಮದುವೆ ಬಂತು. ಹಣ್ಣು ಇನ್ನೇನು ಕೀಳಬೇಕು, ಅಷ್ಟರಲ್ಲಿ ಭಾವ ತೋಟಕ್ಕೇ ಬಂದು ಮೇಲೆ ನೋಡುತ್ತ ನಿಂತರು.

"ತಮ್ಮಾ, ಶಾಮಿಯಾನಾದಾಗ ಬೀಗರು ಧಗಿಗೆ ಬೇಯತಾರ. ಈ ಜಾಳಿ ಹಂದರಕ್ಕ ಹಾಕಿದ್ರ ನೆಳ್ಳೂ ಆಕೈತಿ, ಗಾಳೀನೂ ಆಡತೈತಿ. ನಾಕ ದಿನದ ಮಾತು."

"ಹಣ್ಣ ಇನ್ನೂ ಗಿಡದಾಗ ಅದಾವ್ರಿ ಭಾವಾರ. ಮೋಡಾನೂ ಆಗಾಕತ್ತೈತಿ," ಎಂದೆ.

"ಮದವಿ ಮನಿಗೆ ಇಲ್ಲ ಅಂತೀ ಏನವಾ?"

ನಮ್ಮವರು ನನ್ನ ಮುಖ ನೋಡದೆ ಏಣಿ ತರಲು ಹೋದರು. ಬಿಚ್ಚಿದ್ದೂ ಅವರೇ, ಅಣ್ಣನ ಮನೆಯ ಮುಂದೆ ಕಟ್ಟಿದ್ದೂ ಅವರೇ. ಕೈಗೆ ರೂಢಿಯಾಗಿತ್ತಲ್ಲ, ಅಲ್ಲೂ ಇಳಿಜಾರು ಕೊಟ್ಟರು.

ಮದುಮಕ್ಕಳ ತಲೆಯ ಮೇಲೆ ಅಕ್ಕಿಕಾಳು ಬಿದ್ದು ಊಟ ಸುರುವಾದಾಗ ಆಲಿಕಲ್ಲು ಬಂತು. ಹಂದರದೊಳಗೆ ಒಂದೂ ಬೀಳಲಿಲ್ಲ. ಎಲ್ಲ ನಯವಾಗಿ ಜಾರಿ ಅಂಚಿನಲ್ಲಿ ರಾಶಿಯಾದವು. ಬೀಗರು ನಗುತ್ತ ಎದ್ದು ಹೋಗಿ, ಗ್ಲಾಸಿನಲ್ಲಿ ತುಂಬಿಕೊಂಡು ಶರಬತ್ತಿಗೆ ಹಾಕಿಕೊಂಡರು. ನಾನು ಹೋಳಿಗೆ ಬಡಿಸುತ್ತಿದ್ದೆ. ಬುಟ್ಟಿ ಅಲ್ಲೇ ಇಟ್ಟು, ತಲೆಗೆ ಸೆರಗು ಹೊದ್ದು ತೋಟಕ್ಕೆ ಓಡಿದೆ.

ಗಿಡಗಳಲ್ಲಿ ಎಲೆ ಉಳಿದಿರಲಿಲ್ಲ. ಹಣ್ಣುಗಳು ಒಡೆದು ಕೆಸರಿನಲ್ಲಿ ಬಿದ್ದಿದ್ದವು, ಉಳಿದವುಗಳ ಮೈತುಂಬ ಗಾಯ. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಅದು ಆಕಾಶದ ಮೇಲೆ ಬಂದಿದ್ದರೆ ಎಷ್ಟೋ ಹಗುರವಾಗಿರುತ್ತಿತ್ತು.

ಸಂಜೆ ಭಾವ ಬಲೆಯನ್ನು ಕೈಯಿಂದ ಜಗ್ಗಿ ನೋಡಿ ಮೆಚ್ಚಿದರು. "ಭಾಳ ಗಟ್ಟಿ ಮಾಲವಾ. ಒಂದ ಆಣಿಕಲ್ಲೂ ಒಳಗ ಬರಲಿಲ್ಲ. ಬೀಗರ ಮುಂದ ನಮ್ಮ ಮಾನ ಉಳೀತು."

"ಹಣ್ಣೆಲ್ಲಾ ಹೋದವ್ರಿ ಭಾವಾರ."

"ಹಣ್ಣ ಮುಂದಿನ ವರ್ಷಾನೂ ಬರತಾವ. ಮದವಿ ಮತ್ತ ಬರತೈತೇನು?"

ಬರುತ್ತದೆ. ಭಾವನ ಎರಡನೆಯ ಮಗಳಿಗೆ ಈಗ ವರ ಗೊತ್ತಾಗಿದೆ, ಮದುವೆ ಯುಗಾದಿ ಆದ ಮೇಲೆ. ಗಿಡಗಳು ಚೇತರಿಸಿಕೊಂಡು ಮತ್ತೆ ಹಣ್ಣು ಹಿಡಿದಿವೆ. ಮೊನ್ನೆ ನಮ್ಮವರು ಬಲೆ ಕಟ್ಟುವಾಗ ನಾನು ಕೆಳಗೆ ಏಣಿ ಹಿಡಿದು ನಿಂತಿದ್ದೆ. ಯಾವಾಗಲೂ ತಂತಿಗೆ ಬಿಗಿದು ಕಟ್ಟುವವರು, ಈ ಸಲ ಎಳೆದರೆ ಬಿಚ್ಚುವ ಗಂಟು ಹಾಕುತ್ತಿದ್ದರು.