ಅಜ್ಜಂಪುರದಿಂದ ಬಂದ ಫ್ಲಾಪಿಗಳು

ಕಡೂರಿನ ತೆಂಗು ಬೆಳೆಗಾರರ ಸಂಘಕ್ಕೆ ವಿಮಲಮ್ಮ ಟೈಪಿಸ್ಟ್ ಆಗಿ ಸೇರಿದ್ದು ಎಪ್ಪತ್ತೆರಡರಲ್ಲಿ. ಯಗಟಿಯ ಹೆಣ್ಣು, ಮಾತು ಕಡಿಮೆ, ನಗು ಜಾಸ್ತಿ. ಯಾವ ವಸ್ತುವನ್ನೂ ಒಂದು ಸಲ ನಡೆಸಿ ನೋಡದೆ ನಂಬುತ್ತಿರಲಿಲ್ಲ. ಹಿಂದೊಮ್ಮೆ ಕೊಬ್ಬರಿ ಗೋದಾಮಿಗೆ ಬೆಂಕಿ ಬಿದ್ದಾಗ, ಗೋಡೆಯಲ್ಲಿ ವರ್ಷಗಟ್ಟಲೆ ಮಿರಮಿರ ಹೊಳೆಯುತ್ತಿದ್ದ ಬೆಂಕಿ ಆರಿಸುವ ಸಿಲಿಂಡರು ಬುಸ್ಸೆಂದು ಉಸಿರು ಬಿಟ್ಟು ಸುಮ್ಮನಾಗಿತ್ತು. ಅವತ್ತು ಕೊಡ ಹೊತ್ತು ಓಡಿದವರಲ್ಲಿ ಅವಳೂ ಒಬ್ಬಳು.

ಎಂಬತ್ತಾರರಲ್ಲಿ ಸಂಘಕ್ಕೆ ಕಂಪ್ಯೂಟರ್ ಬಂತು. ಯಾವ ಊರಿನ ಯಾರಿಗೆ ಎಷ್ಟು ತೆಂಗಿನ ಸಸಿ, ಯಾರ ಸರದಿ ಯಾವಾಗ, ಎಲ್ಲ ಅದರ ಹೊಟ್ಟೆಯೊಳಗೆ. ವಿಮಲಮ್ಮ ವಾರಕ್ಕೊಮ್ಮೆ ಎಲ್ಲವನ್ನೂ ಫ್ಲಾಪಿಗಳಿಗೆ ನಕಲು ಮಾಡಿ, ಒಂದು ಕಟ್ಟನ್ನು ಬೀರುವಿನಲ್ಲಿಟ್ಟು ಇನ್ನೊಂದನ್ನು ಅಜ್ಜಂಪುರದ ಶಾಖೆಗೆ ಕಳಿಸುತ್ತಿದ್ದಳು. ಆ ನಕಲನ್ನು ತಿರುಗಿ ತುಂಬಿ ನೋಡುವ ಆಸೆ ಮಾತ್ರ ಕೈಗೂಡಿರಲಿಲ್ಲ. ಇದ್ದದ್ದೊಂದೇ ಕಂಪ್ಯೂಟರ್, ಅದರ ಮೇಲೆ ಪ್ರಯೋಗ ಮಾಡಲು ಯಾರಿಗೆ ಧೈರ್ಯ?

ಮೂರು ವರ್ಷಕ್ಕೆ ಹಳೆಯದು ಮುಗ್ಗರಿಸತೊಡಗಿತು. ಬೆಂಗಳೂರಿನಿಂದ ಎಂಜಿನಿಯರ್ ಓಂಕಾರಮೂರ್ತಿ ಹೊಸದನ್ನು ತಂದು ಜೋಡಿಸಿದ.

"ಹಳೇದನ್ನ ವ್ಯಾನಿಗೆ ಹಾಕಾಯ್ತು, ಹೊರಡ್ತೀನಿ ಮೇಡಂ. ಫ್ಲಾಪಿ ಇದಾವಲ್ಲ, ನಿಧಾನಕ್ಕೆ ತುಂಬ್ಕೊಳ್ಳಿ."

"ಈಗ್ಲೇ ತುಂಬೋಣ ಕಣಪ್ಪ. ಹೆಸರು ಕಣ್ಣಿಗೆ ಬಿದ್ಮೇಲೆ ವ್ಯಾನು ಹೊರಡ್ಲಿ."

ಹುಡುಗ ನಗುತ್ತಲೇ ಕೂತ. ಮೊದಲ ಫ್ಲಾಪಿ ಓದಲಿಲ್ಲ, ಎರಡನೆಯದೂ ಓದಲಿಲ್ಲ. ಅವನು ಎದ್ದುಹೋಗಿ ಬೀರು ನೋಡಿದ. ಫ್ಲಾಪಿ ಇಡುವ ಜಾಗದಲ್ಲಿ ಮೊನ್ನೆಯ ವಾರ್ಷಿಕ ಸಭೆಯ ದೊಡ್ಡ ಸ್ಪೀಕರು ಕೂತಿತ್ತು.

"ಇದ್ರ ಹಿಂದೆ ಅಯಸ್ಕಾಂತ ಇರ್ತದೆ. ಬರೆದದ್ದೆಲ್ಲ ಅಳಿಸಿಹೋಗಿದೆ," ಎಂದ.

"ಫ್ಲಾಪಿಗೆ ಧೂಳು ಬೀಳದಿರ್ಲಿ ಅಂತ ಅದನ್ನ ಮೇಲೆ ಇಟ್ಟಿದ್ದೆ ಅಮ್ಮಾ," ಎಂದು ಜವಾನ ಕರಿಯಣ್ಣ ತಲೆ ಕೆರೆದುಕೊಂಡ.

ವ್ಯಾನಿನಿಂದ ಹಳೆಯದನ್ನು ಇಳಿಸಿ ಕರೆಂಟು ಕೊಟ್ಟರು. ಕೆಂಪು ದೀಪ ಒಂದು ಕ್ಷಣ ಹತ್ತಿ ಆರಿತು. ಆಮೇಲೆ ಏನು ಮಾಡಿದರೂ ಅದು ಏಳಲಿಲ್ಲ. ಕಾರ್ಯದರ್ಶಿ ಸೋಮಶೇಖರಪ್ಪ ಕುರ್ಚಿಯಲ್ಲಿ ಕುಸಿದರು.

"ಸೋಮವಾರ ಸಸಿ ಹಂಚಬೇಕು ವಿಮಲಮ್ಮಾ. ಎಮ್ಮೆದೊಡ್ಡಿಯವರು ಟ್ರ್ಯಾಕ್ಟರ್ ತಂದು ನಿಂತ್ರೆ ಏನು ಹೇಳ್ಲಿ?"

"ಅಜ್ಜಂಪುರಕ್ಕೆ ಹೋಗಿಬತ್ತೀನಿ ಸಾರ್," ಎಂದವಳೇ ಬಸ್ ಸ್ಟ್ಯಾಂಡಿಗೆ ನಡೆದಳು. ದಾರಿಯುದ್ದಕ್ಕೂ ಒಂದೇ ಯೋಚನೆ. ಅಲ್ಲೂ ಯಾರಾದರೂ ಏನಾದರೂ ಹೇರಿದ್ದರೆ?

ಅಲ್ಲಿಯ ಗುಮಾಸ್ತೆ ಮಲ್ಲಿಕಾಂಬ ಇವಳ ಮುಖ ನೋಡಿಯೇ ಹೆದರಿದಳು.

"ಬೈಬೇಡಿ ಅಕ್ಕಾ. ಆಫೀಸಲ್ಲಿ ಇಲಿ ಕಾಟ ಅಂತ ಮನೆಗೆ ತಗೊಂಡೋಗಿ ರೇಷ್ಮೆ ಸೀರೆ ಮಧ್ಯೆ ಇಟ್ಟಿದೀನಿ."

"ಬೈಯೋದಾ? ನಿನ್ನ ಸೀರೆಗೆ ನಮಸ್ಕಾರ ಕಣೇ," ಎಂದು ವಿಮಲಮ್ಮ ನಕ್ಕಳು.

ವಾಪಸು ಬರುವಾಗ ಬಸ್ಸು ಕಿಕ್ಕಿರಿದಿತ್ತು. ಗಂಟನ್ನು ಕೆಳಗಿಡಿ ಎಂದ ಕಂಡಕ್ಟರಿಗೆ, "ಆಗಲ್ಲಪ್ಪ, ಇದ್ರೊಳಗೆ ಊರೂರು ಜನ ಕೂತವ್ರೆ," ಎಂದಳು. ಅವನು ಒಮ್ಮೆ ಗಂಟನ್ನು, ಒಮ್ಮೆ ಅವಳನ್ನು ನೋಡಿ ಮುಂದಕ್ಕೆ ಹೋದ.

ಕಚೇರಿಯಲ್ಲಿ ಯಾರೂ ಮನೆಗೆ ಹೋಗಿರಲಿಲ್ಲ. ನ್ಯಾಫ್ತಲಿನ್ ವಾಸನೆಯ ಫ್ಲಾಪಿಗಳು ಒಂದೊಂದಾಗಿ ಒಳಗೆ ಹೋದವು. ಪರದೆಯ ಮೇಲೆ ಹೆಸರು ಏರತೊಡಗಿದ್ದೇ, ಮೇಷ್ಟರು ಹಾಜರಿ ಕೂಗಿದ ಹಾಗೆ ಸೋಮಶೇಖರಪ್ಪ ಊರುಗಳನ್ನು ಓದಿದರು. ಕೊನೆಯ ವಾರದ ಬುಕ್ಕಿಂಗ್ ಅದರಲ್ಲಿ ಇರಲಿಲ್ಲ. ವಿಮಲಮ್ಮ ಅರ್ಜಿಗಳನ್ನು ಮುಂದಿಟ್ಟುಕೊಂಡು ಟೈಪ್ ಮಾಡಲು ಕೂತಳು. ಓಂಕಾರಮೂರ್ತಿ ಊರಿಗೆ ಹೊರಡದೆ ಒಂದೊಂದನ್ನೇ ಓದಿ ಹೇಳಿದ. ಕರಿಯಣ್ಣ ಸ್ಪೀಕರನ್ನು ಗೋದಾಮಿಗೆ ಸಾಗಿಸಿ, ಬರುವಾಗ ಎಲ್ಲರಿಗೂ ಬಿಸಿ ಬೋಂಡ ತಂದ.

ಸೋಮವಾರ ಎಮ್ಮೆದೊಡ್ಡಿಯ ರೇವಣಪ್ಪ ಟ್ರ್ಯಾಕ್ಟರ್ ತಂದ. ತನ್ನ ಪಾಲಿನ ಸಸಿಗಳನ್ನು ಎರಡೆರಡು ಸಲ ಎಣಿಸಿ, ಎಲ್ಲ ಸರಿಯಿದ್ದರೂ ಎರಡು ಬಡಕಲಾಗಿವೆ ಎಂದು ಗೊಣಗಿದ. ವಿಮಲಮ್ಮ ಸಂತೋಷದಿಂದಲೇ ಅವೆರಡನ್ನು ಬದಲಿಸಿ ಕೊಟ್ಟಳು.